ಮೆಟೀರಿಯಲ್ ಸಮೇತವೋ, ಬರೀ ಲೇಬರ್ರೋ? ಒಂದೇ ಮನೆ, ಎರಡು ಕಾಂಟ್ರಾಕ್ಟ್

ಮೈಸೂರಿನಲ್ಲಿ ನಮ್ಮದು ಮೂವತ್ತು-ನಲವತ್ತರ ಸೈಟು. ಕೆಳಗಿನ ಮನೆಯನ್ನು ಮೆಟೀರಿಯಲ್ ಸಮೇತ ಕಾಂಟ್ರಾಕ್ಟ್ ಕೊಟ್ಟು ಕಟ್ಟಿಸಿದೆ. ಐದು ವರ್ಷದ ಮೇಲೆ ಮಹಡಿ ಮನೆಯನ್ನು ಲೇಬರ್ ಕಾಂಟ್ರಾಕ್ಟ್‌ನಲ್ಲಿ, ಅಂದರೆ ಸಾಮಾನು ನಮ್ಮದು, ಕೆಲಸ ಮಾತ್ರ ಮೇಸ್ತ್ರಿಯದು ಅಂತ ಕಟ್ಟಿಸಿದೆ. ಇನ್ನೊಮ್ಮೆ ಮನೆ ಕಟ್ಟಿಸುವ ಧೈರ್ಯ ಬಂದರೆ ಎರಡನೆಯದೇ ಸೈ.

ಮೊದಲನೆಯದರಲ್ಲಿ ಕೆಲಸ ಕೆಟ್ಟಿತ್ತು ಅಂತಲ್ಲ. ಗೋಡೆ ನೆಟ್ಟಗಿದೆ, ತಾರಸಿ ಸೋರಿಲ್ಲ. ತಲೆನೋವು ಬಂದಿದ್ದು ಅಳತೆಯಲ್ಲಿ. ಅಗ್ರಿಮೆಂಟಿನಲ್ಲಿ ‘ಚದರ ಅಡಿಗೆ ಇಷ್ಟು’ ಅಂತ ಬರೆದಿದ್ದೆವು. ಯಾವುದು ಚದರ ಅಡಿ, ಯಾವುದು ಅಲ್ಲ ಅಂತ ಬರೆದಿರಲಿಲ್ಲ. ಕೊನೆಯ ಬಿಲ್ ಬಂದಾಗ ನನ್ನ ಲೆಕ್ಕ 850 ಚದರ ಅಡಿ, ಕಾಂಟ್ರಾಕ್ಟರ್ ಲೆಕ್ಕ 985. ಅವರು ಸೇರಿಸಿದ್ದು ಪೋರ್ಟಿಕೋ 45, ಮೆಟ್ಟಿಲಿನ ಹೆಡ್‌ರೂಮ್ (ತಾರಸಿಯಲ್ಲಿ ಮೆಟ್ಟಿಲಿನ ಮೇಲೆ ಸೂರು ಹಾಕಿದ ಜಾಗ) 70, ಸಜ್ಜಗಳೆಲ್ಲ ಸೇರಿ 20. ಪೋರ್ಟಿಕೋಗೆ ಗೋಡೆಯೇ ಇಲ್ಲವಲ್ಲ, ಅರ್ಧ ಹಿಡಿಯಿರಿ ಅಂದೆ. ‘ಸೂರು ಹಾಕಿದ್ದೀವಲ್ಲ ಸಾರ್, ಎಲ್ಲಾ ಕಡೆ ಹೀಗೇ’ ಅಂದರು. ಎಲ್ಲಾ ಕಡೆ ಹಾಗೇನೂ ಇಲ್ಲ, ಆಮೇಲೆ ನಾಲ್ಕು ಜನರನ್ನು ಕೇಳಿದೆ, ನಾಲ್ಕು ಥರ ಹೇಳಿದರು. ಸಂಪು, ಕಾಂಪೌಂಡು ಬೇರೆ ಬಿಲ್. ಆ ಹೆಡ್‌ರೂಮಿನ ಸೂರನ್ನು ಮಹಡಿ ಕಟ್ಟುವಾಗ ನಾವೇ ದುಡ್ಡು ಕೊಟ್ಟು ಒಡೆಸಿದೆವು, ಅದೊಂದು ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜಗಳ ಆಡೋಕೆ ನನ್ನ ಕೈಯಲ್ಲಿ ಏನೂ ಉಳಿದಿರಲಿಲ್ಲ. ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕುವ ಹೊತ್ತಿಗೇ ಮುಕ್ಕಾಲು ದುಡ್ಡು ಕೊಟ್ಟಾಗಿತ್ತು. ಪ್ಲಾಸ್ಟರಿಂಗ್ ಬಾಕಿ ಇರುವಾಗಲೇ ಕೆಲಸದವರು ಬೇರೆ ಸೈಟಿಗೆ ಹೋಗಿಬಿಟ್ಟಿದ್ದರು.

ಲೇಬರ್ ಕಾಂಟ್ರಾಕ್ಟ್‌ನಲ್ಲಿ ಪ್ರತಿ ಶನಿವಾರ ಬಟವಾಡೆ. ವಾರದ ಕೆಲಸ ಕಣ್ಣೆದುರಿಗೆ ಇರುತ್ತದೆ, ಅದಕ್ಕೆ ತಕ್ಕ ದುಡ್ಡು. ಕಬ್ಬಿಣ ನಾನೇ ತರಿಸಿದೆ. 12 ಎಂಎಂ ಕಂಬಿ ಮೀಟರಿಗೆ 0.888 ಕೆಜಿ ತೂಗಬೇಕು, 12 ಮೀಟರಿನ ಒಂದು ಕಂಬಿ ಹತ್ತೂವರೆ ಕೆಜಿಗೆ ಸ್ವಲ್ಪ ಜಾಸ್ತಿ. ಕಂಬಿ ಎಣಿಸಿ ತೂಕದ ಚೀಟಿ ಜೊತೆ ತಾಳೆ ನೋಡಿದರೆ ಮುಗೀತು. ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದಿಡುವ ಹಲಗೆ, ಆಸರೆ), ಮಿಕ್ಸರ್, ಕಾಂಕ್ರೀಟ್ ಕೂರಿಸುವ ವೈಬ್ರೇಟರ್ ಮೇಸ್ತ್ರಿಯದು ಅಂತ ಬರೆಸಿಕೊಳ್ಳಿ.

ಕಷ್ಟ ಇಲ್ಲ ಅಂತಲ್ಲ. ಬೆಳಿಗ್ಗೆ ಏಳಕ್ಕೆ ‘ಸಾರ್, ಸಿಮೆಂಟ್ ಖಾಲಿ’ ಅಂತ ಫೋನ್. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಲಾರಿ ಬರದ ದಿನ ಆಳುಗಳೆಲ್ಲ ಸುಮ್ನೆ ಕೂರುತ್ತಾರೆ. ಕ್ಯೂರಿಂಗ್‌ಗೆ, ಅಂದರೆ ಸಿಮೆಂಟ್ ಕೆಲಸ ಗಟ್ಟಿಯಾಗಲು, ನೀರು ಬಿಡುವುದೂ ನಮ್ಮದೇ ಕೆಲಸ.

ನಾನು ಕೆಳಗಿನ ಮನೆಯಲ್ಲೇ ಇದ್ದೆ, ರಿಟೈರ್ ಆಗಿದ್ದೆ, ಪೈಪ್ ಹಿಡಿದು ಮೇಲೆ ಹತ್ತಿದರೆ ಆಯ್ತು. ಹಾಗಾಗಿ ನನಗೆ ಒಗ್ಗಿತು. ದುಬೈನಲ್ಲಿರುವ ನನ್ನ ಅಕ್ಕನ ಮಗನಿಗೆ ಇದು ಆಗದ ಮಾತು, ಅವನಿಗೆ ಮೆಟೀರಿಯಲ್ ಸಮೇತವೇ ಸರಿ.

ಎರಡನೇ ಅಗ್ರಿಮೆಂಟಿಗೆ ಪ್ಲಾನಿನ ಒಂದು ಜೆರಾಕ್ಸ್ ಸೇರಿಸಿದ್ದೆವು. ಪೂರ್ತಿ ಲೆಕ್ಕಕ್ಕೆ ಬರುವ ಜಾಗಕ್ಕೆ ಹಸಿರು, ಅರ್ಧಕ್ಕೆ ಹಳದಿ ಬಣ್ಣವನ್ನು ನನ್ನ ಹೆಂಡತಿಯೇ ಹಚ್ಚಿದ್ದಳು. ‘ಇದೇನಮ್ಮಾ, ಮಕ್ಕಳ ಡ್ರಾಯಿಂಗ್ ಪುಸ್ತಕ’ ಅಂತ ನಗುತ್ತಲೇ ಮೇಸ್ತ್ರಿ ಸಹಿ ಹಾಕಿದರು. ಅಳತೆಗೆ ಒಂದು ಮಾತೂ ಬರಲಿಲ್ಲ. ತಕರಾರು ಬಂದಿದ್ದು ಮೋಲ್ಡ್ ದಿನದ ಊಟ ಯಾರದು ಅನ್ನೋದಕ್ಕೆ. ಅದನ್ನು ಬರೆದಿರಲಿಲ್ಲ.