ಬಂಗಿನ ಮುಖಕ್ಕೆ ಯಾವ ಸನ್‌ಸ್ಕ್ರೀನ್? ಮೂರು ವರ್ಷ, ನಾಲ್ಕು ಬಗೆ ಬಳಸಿದ ಮೇಲೆ

ನಾನು ಹೊಸಪೇಟೆಯಲ್ಲಿ ಹೈಸ್ಕೂಲ್ ಟೀಚರ್. ಮನೆಯಿಂದ ಶಾಲೆಗೆ ಸ್ಕೂಟಿಯಲ್ಲಿ ಇಪ್ಪತ್ತು ನಿಮಿಷ. ಬೆಳಿಗ್ಗೆ ಪ್ರಾರ್ಥನೆ ಮುಗಿಯುವ ತನಕ ಮೈದಾನದಲ್ಲಿ ನಿಲ್ಲಬೇಕು. ಎರಡನೇ ಮಗು ಹುಟ್ಟಿದ ಮೇಲೆ ಎರಡೂ ಕೆನ್ನೆಗೆ, ಮೇಲ್ದುಟಿಯ ಮೇಲೆ ಬಂಗು ಬಂತು. ಎಡಗೆನ್ನೆಯದು ಹುಣಸೆ ಬೀಜದ ಬಣ್ಣ. ಅತ್ತೆಯವರು ಪ್ರೀತಿಯಿಂದ ಗಂಧ ತೇಯ್ದು ಕೊಟ್ಟರು. ತಂಪಾಗಿತ್ತು, ಆದರೆ ಕಲೆ ಹೋಗಲಿಲ್ಲ. ಆಮೇಲೆ ಸನ್‌ಸ್ಕ್ರೀನ್ ಶುರು ಮಾಡಿದೆ. ಇಷ್ಟು ದಿನದಲ್ಲಿ ನಾಲ್ಕು ಬಗೆಯದು ಬಳಸಿದ್ದೇನೆ, ಒಂದೊಂದನ್ನೂ ನಾಲ್ಕೈದು ತಿಂಗಳಿಗೆ ಕಡಿಮೆ ಇಲ್ಲದೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಯಾಕೆ ಅನ್ನೋದು ಮೂರನೆಯದರ ಕಥೆ ಓದಿದರೆ ಗೊತ್ತಾಗುತ್ತದೆ.

ಮೊದಲನೆಯದು ಒಂದು ಜೆಲ್. ಮುಂದೆ ದಪ್ಪಕ್ಷರದಲ್ಲಿ ಎಸ್‌ಪಿಎಫ್ 50, ಅಂದರೆ ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಂಕೆ. ಹಚ್ಚಿದರೆ ಹಗುರ, ಜಿಡ್ಡಿಲ್ಲ, ಬಿಳಿ ಇಲ್ಲ. ಒಂದು ಟ್ಯೂಬ್ ಐದು ತಿಂಗಳು ಬಂತು. ಬಂಗು ಮಾತ್ರ ಇದ್ದ ಹಾಗೇ ಇತ್ತು. ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಟ್ಯೂಬ್ ಕೈಗೆ ಕೊಟ್ಟು, "ದಿನಾ ಎಷ್ಟು ಹಚ್ಕೊಳ್ತೀರಿ, ಒಂದ್ಸಲ ಹಾಕಿ ತೋರಿಸ್ರಿ" ಅಂದರು. ನಾನು ಕಡಲೆಕಾಳಿನಷ್ಟು ಹಾಕಿಕೊಂಡೆ. ಅವರು ಟ್ಯೂಬ್ ಇಸಕೊಂಡು ನನ್ನ ತೋರುಬೆರಳು, ಮಧ್ಯದ ಬೆರಳು ಎರಡರ ಮೇಲೂ ಬುಡದಿಂದ ತುದಿ ತನಕ ಒಂದೊಂದು ಗೆರೆ ಎಳೆದರು. "ಮುಖ, ಕುತ್ತಿಗೆಗೆ ಇಷ್ಟು ಬೇಕ್ರಿ ಅಮ್ಮಾ."

ಮನೆಗೆ ಬಂದು ಲೆಕ್ಕ ಹಾಕಿದೆ. 50 ಗ್ರಾಂ ಟ್ಯೂಬ್, 150 ದಿನ. ಅಂದರೆ ದಿನಕ್ಕೆ ಮೂರನೇ ಒಂದು ಗ್ರಾಂ. ಲ್ಯಾಬಿನಲ್ಲಿ ಎಸ್‌ಪಿಎಫ್ ಅಳೆಯುವಾಗ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಆ ಲೆಕ್ಕದಲ್ಲಿ ಮುಖ, ಕುತ್ತಿಗೆಗೆ ಹೆಚ್ಚುಕಡಿಮೆ ಒಂದು ಗ್ರಾಂ, ಅಥವಾ ಅದಕ್ಕೂ ಸ್ವಲ್ಪ ಮೇಲೆ ಬೇಕು. ನಾನು ಹಚ್ಚುತ್ತಿದ್ದುದು ಅದರ ಮೂರನೇ ಒಂದು ಪಾಲು. ಟ್ಯೂಬಿನ ಮೇಲೆ ಬರೆದ 50 ನನ್ನ ಮುಖಕ್ಕೆ ಒಂದು ದಿನವೂ ಸಿಕ್ಕಿರಲಿಲ್ಲ. ಇದು ಗೊತ್ತಾದ ದಿನ ನಿಜಕ್ಕೂ ಬೇಜಾರಾಯಿತು, ಅಷ್ಟು ತಿಂಗಳು ತಪ್ಪದೆ ಹಚ್ಚಿದ್ದೆನಲ್ಲ ಅಂತ.

ಈ 50ರ ಬಗ್ಗೆ ಒಂದು ಮಾತು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಬಿಸಿಲಿನಲ್ಲಿರುವ ಯುವಿಬಿ ಕಿರಣದ ವಿಚಾರ, ಅಂದರೆ ಚರ್ಮ ಸುಟ್ಟು ಕೆಂಪಾಗಿಸುವ ಕಿರಣ. ಸರಿಯಾಗಿ ಹಚ್ಚಿದರೆ ಎಸ್‌ಪಿಎಫ್ 30 ಅದರಲ್ಲಿ ನೂರಕ್ಕೆ 97 ಭಾಗ ತಡೆಯುತ್ತದೆ, 50 ತಡೆಯುವುದು 98. 50 ಅಂತ ಕಡಲೆಕಾಳಿನಷ್ಟು ಹಚ್ಚುವುದಕ್ಕಿಂತ 30 ಅನ್ನು ಎರಡು ಬೆರಳಷ್ಟು ಹಚ್ಚುವುದು ಎಷ್ಟೋ ಮೇಲು. ಆದರೆ ಬಂಗನ್ನು ಕಪ್ಪಾಗಿಸುವುದರಲ್ಲಿ ಬಿಸಿಲಿನ ಇನ್ನೊಂದು ಕಿರಣ ಯುವಿಎಯ ಪಾತ್ರ ದೊಡ್ಡದು. ಅದು ಚರ್ಮದೊಳಗೆ ಇನ್ನೂ ಆಳಕ್ಕೆ ಇಳಿಯುತ್ತದೆ, ಕಿಟಕಿ ಗಾಜಿನಿಂದಲೂ ಒಳಗೆ ಬರುತ್ತದೆ. ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ನನ್ನ ಕುರ್ಚಿ ಬದಲಿಸಿಕೊಂಡಿದ್ದು ಅದಕ್ಕೇ. ಆ ಕುರ್ಚಿಯಲ್ಲಿ ಕೂತರೆ ಬಿಸಿಲು ಬೀಳುತ್ತಿದ್ದುದು ಎಡಗೆನ್ನೆಗೆ.

ಯುವಿಎ ವಿಚಾರ ತಿಳಿಯಲು ಪಿಎ ಅಂತ ಬರೆದ ಕಡೆ ನೋಡಬೇಕು. ಇದು ಜಪಾನಿನಲ್ಲಿ 1996ರಲ್ಲಿ ಶುರುವಾದ ಪದ್ಧತಿ. ಪ್ಲಸ್ ಗುರುತು ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು. ನಾಲ್ಕನೇ ಪ್ಲಸ್ ಸೇರಿದ್ದು 2013ರಲ್ಲಿ. ಬಂಗು ಇರುವವರು ನಾಲ್ಕು ಪ್ಲಸ್ ಇರುವುದನ್ನೇ ತಗೊಳ್ಳಿ.

ಮತ್ತೆ ಆ ಜೆಲ್‌ಗೆ ಬರುತ್ತೇನೆ. ಪೂರ್ತಿ ಎರಡು ಬೆರಳಷ್ಟು ಹಚ್ಚಲು ಶುರು ಮಾಡಿದ ಮೇಲೆ ಎರಡು ತೊಂದರೆ ಕಂಡವು. ಬೆವರು ಹಣೆಯಿಂದ ಇಳಿದರೆ ಕಣ್ಣು ಉರಿ. ಬೋರ್ಡ್ ಕಡೆ ತಿರುಗಿ ಕಣ್ಣೀರು ಒರೆಸಿಕೊಂಡಿದ್ದೇನೆ. ಇನ್ನೊಂದು, ಆಗಸ್ಟ್ 15ಕ್ಕೆ ಉಡುವ ಬಿಳಿ ಸೀರೆಯ ರವಿಕೆ. ಒಗೆದು ಒಣಗಿಸಿದ ಮೇಲೆ ಕತ್ತಿನ ಪಟ್ಟಿಯ ಸುತ್ತ ತುಕ್ಕು ಹಿಡಿದ ಹಾಗೆ ಕಿತ್ತಳೆ ಬಣ್ಣದ ಗೆರೆ. ಬ್ಲೀಚಿಂಗ್ ನೀರಲ್ಲಿ ನೆನೆಸಿದೆ, ಇನ್ನೂ ಗಾಢವಾಯಿತು. ಓದಿ ನೋಡಿದಾಗ ಕಾರಣ ಸಿಕ್ಕಿತು. ಯುವಿಎ ತಡೆಯಲು ಹಾಕುವ ಅವೊಬೆನ್ಜೋನ್ ನೀರಿನಲ್ಲಿರುವ ಕಬ್ಬಿಣದ ಜೊತೆ ಸೇರಿದರೆ ಇಂಥ ಕಲೆ ಮಾಡುತ್ತದೆ. ನಮ್ಮ ಬೋರ್‌ವೆಲ್ ನೀರು ಬಕೆಟ್ಟಿನ ಒಳಗೇ ಕೆಂಪು ಗೆರೆ ಬಿಡುತ್ತದೆ. ಅದಿರಿನ ಸೀಮೆಯಲ್ಲಿರುವ ನಮಗೆ ಇದು ಸಣ್ಣ ವಿಷಯ ಅಲ್ಲ. ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತಿಕ್ಕಿದರೆ ಬಹುಪಾಲು ಹೋಗುತ್ತದೆ. ಬ್ಲೀಚ್ ಮಾತ್ರ ಬೇಡ.

ಆ ದಿನ ಮೊದಲ ಸಲ ಡಬ್ಬಿ ತಿರುಗಿಸಿ ಹಿಂದಿನ ಪಟ್ಟಿ ಓದಿದೆ. ನಮ್ಮ ದೇಶದ ನಿಯಮದ ಪ್ರಕಾರ ಶೇ 1ಕ್ಕಿಂತ ಜಾಸ್ತಿ ಇರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಬರೆಯಬೇಕು. ಉಳಿದವು ಯಾವ ಕ್ರಮದಲ್ಲಾದರೂ ಇರಬಹುದು. 30 ಗ್ರಾಂಗಿಂತ ಚಿಕ್ಕ ಟ್ಯೂಬಿಗೆ ಪಟ್ಟಿ ಕಡ್ಡಾಯ ಅಲ್ಲ, ಹಾಗಾಗಿ ಚಿಕ್ಕದು ಕೊಂಡು ಪರೀಕ್ಷೆ ಮಾಡುವವರು ದೊಡ್ಡ ಟ್ಯೂಬಿನ ಪಟ್ಟಿ ನೋಡಿಕೊಳ್ಳಿ. ಅವೊಬೆನ್ಜೋನ್ ಅನ್ನು ಅಲ್ಲಿ ಬ್ಯುಟೈಲ್ ಮೆಥಾಕ್ಸಿಡೈಬೆನ್ಜಾಯ್ಲ್‌ಮೀಥೇನ್ ಅಂತ ಬರೆದಿರುತ್ತಾರೆ. ಒಳ್ಳೆಯ ಫಿಲ್ಟರ್ರೇ (ಕಿರಣ ತಡೆಯುವ ವಸ್ತು), ಆದರೆ ಬಿಸಿಲಿಗೆ ತಾನೇ ಬೇಗ ಒಡೆಯುತ್ತದೆ. ಆಕ್ಟೋಕ್ರಿಲೀನ್ ಜೊತೆಗಿದ್ದರೆ ತಾಳುತ್ತದೆ. ಎಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್, ಅಂದರೆ ಆಕ್ಟಿನೋಕ್ಸೇಟ್ ಜೊತೆಗಿದ್ದರೆ ಇನ್ನೂ ಬೇಗ ಒಡೆಯುತ್ತದೆ. ನನ್ನ ಜೆಲ್‌ನಲ್ಲಿ ಇದ್ದುದು ಈ ಎರಡನೇ ಜೋಡಿ. ಆಕ್ಟೋಕ್ರಿಲೀನ್ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಎರಡನೆಯದು ಮಿನರಲ್ ಸನ್‌ಸ್ಕ್ರೀನ್. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಮಾತ್ರ. ಕಣ್ಣುರಿ ನಿಂತಿತು, ಬಟ್ಟೆಗೆ ಕಲೆ ಇಲ್ಲ. ಮಿನರಲ್ ಅಂದರೆ ಕನ್ನಡಿ ಹಾಗೆ ಬಿಸಿಲನ್ನು ವಾಪಸ್ ಕಳಿಸುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಹಾಗಲ್ಲ, ಅದೂ ಬಹುಪಾಲು ಕಿರಣವನ್ನು ಹೀರಿಕೊಂಡೇ ತಡೆಯುತ್ತದೆ. ಎರಡರಲ್ಲಿ ಜಿಂಕ್ ಯುವಿಎ ಕಡೆಗೆ ಹೆಚ್ಚು ದೂರ ಹೋಗುತ್ತದೆ. ಬರೀ ಟೈಟಾನಿಯಂ ಇದ್ದರೆ ಬಂಗಿಗೆ ಸಾಲದು. ಆದರೆ ನನ್ನ ಮೈಬಣ್ಣಕ್ಕೆ ಇದು ಒಗ್ಗಲಿಲ್ಲ. ಎರಡು ಬೆರಳಷ್ಟು ಹಚ್ಚಿದರೆ ಮುಖ ಬೂದಿ ಬಳಿದ ಹಾಗೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಹತ್ತಿರ ಬಂದು ಮೆಲ್ಲಗೆ "ಮಿಸ್, ಪೌಡರ್ ಜಾಸ್ತಿ ಆಗೈತ್ರಿ" ಅಂದಳು. ಪಾಪ, ಕಾಳಜಿಯಿಂದ ಹೇಳಿದ್ದು. ಅಂದಿನಿಂದ ನಾನೇ ಗೊತ್ತಿಲ್ಲದೆ ಕಡಿಮೆ ಹಚ್ಚಲು ಶುರು ಮಾಡಿದೆ. ಅಲ್ಲಿಗೆ ಅದರ ಉಪಯೋಗವೂ ಮುಗಿಯಿತು. ಬಿಳಿ ಮೈಬಣ್ಣದವರಿಗೆ, ಚಿಕ್ಕ ಮಕ್ಕಳಿಗೆ, ಕಣ್ಣು ಬೇಗ ಉರಿಯುವವರಿಗೆ ಇದು ಒಳ್ಳೆಯದು ಅಂತ ಈಗಲೂ ಹೇಳುತ್ತೇನೆ.

ಮೂರನೆಯದನ್ನು ನಾನು ತುಂಬಾ ಇಷ್ಟಪಟ್ಟೆ. ಹಿಂದಿನ ಪಟ್ಟಿಯಲ್ಲಿ ಎರಡು ಉದ್ದನೆಯ ಹೆಸರು. ಒಂದು ಬಿಸ್-ಎಥೈಲ್‌ಹೆಕ್ಸೈಲಾಕ್ಸಿಫಿನಾಲ್ ಮೆಥಾಕ್ಸಿಫಿನೈಲ್ ಟ್ರೈಅಜೀನ್. ಇದಕ್ಕೆ ಬೆಮೊಟ್ರಿಜಿನಾಲ್ ಅಂತಲೂ, ಟಿನೊಸಾರ್ಬ್ ಎಸ್ ಅಂತಲೂ ಹೆಸರು. ಯುವಿಎ, ಯುವಿಬಿ ಎರಡನ್ನೂ ತಡೆಯುತ್ತದೆ, ಬಿಸಿಲಿಗೆ ಒಡೆಯುವುದಿಲ್ಲ. ಇನ್ನೊಂದು ಡೈಎಥೈಲಮಿನೊ ಹೈಡ್ರಾಕ್ಸಿಬೆನ್ಜಾಯ್ಲ್ ಹೆಕ್ಸೈಲ್ ಬೆನ್ಜೋಯೇಟ್, ಅಂದರೆ ಯುವಿನುಲ್ ಎ ಪ್ಲಸ್. ಅವೊಬೆನ್ಜೋನ್ ಮಾಡುವ ಕೆಲಸವನ್ನೇ ಮಾಡುತ್ತದೆ, ಆದರೆ ಬಿಸಿಲಿಗೆ ತಾಳುತ್ತದೆ. ಹೆಸರು ಬಾಯಿಪಾಠ ಬೇಡ. ಫೋನಿನಲ್ಲಿ ಒಂದು ಫೋಟೋ ಇಟ್ಟುಕೊಂಡರೆ ಅಂಗಡಿಯಲ್ಲಿ ಹೋಲಿಸಿ ನೋಡಬಹುದು. ಕ್ರೀಮ್ ಮೊಸರಿನಷ್ಟು ತೆಳು, ಐದು ನಿಮಿಷದಲ್ಲಿ ಮುಖದಲ್ಲಿ ಸೇರಿಹೋಗುತ್ತದೆ, ಬಿಳಿ ಇಲ್ಲ, ಉರಿ ಇಲ್ಲ. ಪಟ್ಟಿಯಲ್ಲಿ ಸುವಾಸನೆ ಕೂಡ ಇರಲಿಲ್ಲ. ಆರು ತಿಂಗಳಲ್ಲಿ ಬಂಗಿನ ಅಂಚು ಮಸುಕಾಗಿದ್ದು ಮೊದಲು ಗಮನಿಸಿದ್ದು ನಮ್ಮ ಯಜಮಾನರು.

ಇದೇ ಸನ್‌ಸ್ಕ್ರೀನಿನ ಏಳನೇ ಟ್ಯೂಬ್ ಹಚ್ಚಿದ ದಿನ ಮತ್ತೆ ಕಣ್ಣುರಿ. ಅದೇ ಹೆಸರು, ಅದೇ ಬಣ್ಣ, ಅದೇ ಬೆಲೆ. ಹಳೆಯ ಡಬ್ಬಿ ಎಸೆದಿರಲಿಲ್ಲ, ಎರಡನ್ನೂ ಪಕ್ಕದಲ್ಲಿಟ್ಟು ಓದಿದೆ. ಟ್ರೈಅಜೀನ್ ಇಲ್ಲ. ಆ ಜಾಗದಲ್ಲಿ ಆಕ್ಟಿನೋಕ್ಸೇಟ್, ಅವೊಬೆನ್ಜೋನ್. ಮುಂದುಗಡೆ ಹೊಸದಾಗಿ ಬಂದಿದ್ದು ಒಂದು ಎಲೆಯ ಚಿತ್ರ ಮಾತ್ರ. ಕಂಪನಿಗೆ ಬರೆದೆ, ಗ್ರಾಹಕರ ಅನುಕೂಲಕ್ಕಾಗಿ ಸುಧಾರಿಸಿದ್ದೇವೆ ಅಂತ ಎರಡು ಸಾಲು ಬಂತು. ನನಗೆ ಸಿಟ್ಟು ಬಂದಿದ್ದು ಬದಲಿಸಿದ್ದಕ್ಕಲ್ಲ, ಹೇಳದೆ ಬದಲಿಸಿದ್ದಕ್ಕೆ. ಮುಖಕ್ಕೆ ಹಚ್ಚುವ ವಸ್ತು ಅಲ್ವಾ? ಈ ಕಾರಣಕ್ಕೇ ಇಲ್ಲಿ ಹೆಸರು ಬರೆದಿಲ್ಲ. ನಾನು ಇವತ್ತು ಹೊಗಳಿದ ಟ್ಯೂಬ್ ನೀವು ಕೊಳ್ಳುವ ಹೊತ್ತಿಗೆ ಬೇರೆಯೇ ಆಗಿರಬಹುದು.

ಈಗ ಬಳಸುತ್ತಿರುವುದು ನಾಲ್ಕನೆಯದು, ಬಣ್ಣ ಬೆರೆಸಿದ ಟಿಂಟೆಡ್ ಸನ್‌ಸ್ಕ್ರೀನ್. ಬಂಗಿಗೆ ಯುವಿ ಕಿರಣ ಒಂದೇ ಶತ್ರು ಅಲ್ಲ. ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ ಭಾಗ, ನಮ್ಮಂಥ ಕಂದು ಚರ್ಮದವರ ಬಂಗನ್ನು ಗಾಢ ಮಾಡುತ್ತದೆ. ಬಣ್ಣವಿಲ್ಲದ ಸನ್‌ಸ್ಕ್ರೀನ್ ಎಷ್ಟೇ ಒಳ್ಳೆಯದಿರಲಿ, ಆ ಬೆಳಕನ್ನು ಸರಿಯಾಗಿ ತಡೆಯುವುದಿಲ್ಲ. ಅದಕ್ಕೆ ಐರನ್ ಆಕ್ಸೈಡ್, ಅಂದರೆ ಕಬ್ಬಿಣದಿಂದಾದ ಬಣ್ಣದ ಪುಡಿ ಬೇಕು. ಪಟ್ಟಿಯ ಕೊನೆಯಲ್ಲಿ ಸಿಐ 77491, 77492, 77499 ಅಂತ ಇರುತ್ತದೆ. ಕೆಂಪು, ಹಳದಿ, ಕಪ್ಪು. ಈ ಕೆಂಪು ನಮ್ಮ ಸಂಡೂರು ಗುಡ್ಡದ ಮಣ್ಣಿಗೆ ಬಣ್ಣ ಕೊಟ್ಟಿರುವ ವಸ್ತುವೇ. ಅದು ಗೊತ್ತಾದಾಗ ನನಗೆ ಏನೋ ಖುಷಿಯಾಯಿತು.

ಇದರಲ್ಲೂ ಕೊರತೆ ಇದೆ. ಎರಡೇ ಶೇಡ್, ಎರಡೂ ನನ್ನ ಬಣ್ಣಕ್ಕಿಂತ ತಿಳಿ. ಹಚ್ಚಿ ಹತ್ತು ನಿಮಿಷ ಬಿಟ್ಟರೆ ಹೊಂದಿಕೊಳ್ಳುತ್ತದೆ, ಆದರೆ ಕಪ್ಪಗಿರುವ ಅಕ್ಕತಂಗಿಯರಿಗೆ ಕಷ್ಟ. ನಮ್ಮ ದೇಶದಲ್ಲಿ ಮಾರುವ ವಸ್ತು ನಮ್ಮ ದೇಶದವರ ಬಣ್ಣಕ್ಕೆ ಇರಬೇಡವೇ? ಸ್ಕಾರ್ಫಿಗೆ ಸ್ವಲ್ಪ ಅಂಟುತ್ತದೆ. 50 ಗ್ರಾಮಿಗೆ ನಾನು ಕೊಟ್ಟಿದ್ದು 650 ರೂಪಾಯಿ. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅಂದರೆ ತಿಂಗಳಿಗೆ ಒಂದು ಟ್ಯೂಬ್ ಖಾಲಿ. ಹೊರಗಿದ್ದರೆ ಎರಡು ಗಂಟೆಗೊಮ್ಮೆ ಹಚ್ಚಬೇಕು ಅನ್ನುತ್ತಾರೆ. ನನಗೆ ಅಷ್ಟು ಆಗುವುದಿಲ್ಲ. ಕ್ರೀಡಾಕೂಟ, ಪ್ರವಾಸ ಇದ್ದ ದಿನ ಮಾತ್ರ ಹಾಗೆ ಮಾಡುತ್ತೇನೆ. ಉಳಿದ ದಿನ ಮಧ್ಯಾಹ್ನ ಹೊರಗೆ ಹೋಗುವುದಿದ್ದರೆ ಇನ್ನೊಂದು ಸಲ, ಜೊತೆಗೆ ಒತ್ತಾಗಿ ನೇಯ್ದ ಕಾಟನ್ ಸ್ಕಾರ್ಫ್, ಕೊಡೆ. ಕೊಡೆ ಹಿಡಿಯಲು ಸಂಕೋಚ ಬೇಡ, ಅದಕ್ಕೆ ತಿಂಗಳ ಖರ್ಚಿಲ್ಲ.

ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಬಿಡಬೇಡಿ. ಏಪ್ರಿಲ್‌ನಲ್ಲಿ ಒಂದು ವಾರ ಬಿಟ್ಟಿದ್ದೆ. ಮುಚ್ಚಳ ತೆಗೆದರೆ ಒಡೆದ ಹಾಲಿನ ಹಾಗೆ ನೀರು ಬೇರೆ, ಎಣ್ಣೆ ಬೇರೆ. ಹಾಗೆ ಬೇರೆಯಾದದ್ದನ್ನು ಅಲ್ಲಾಡಿಸಿ ಹಚ್ಚಿದರೂ ಮುಖದ ಮೇಲೆ ಸಮನಾಗಿ ಕೂರುವುದಿಲ್ಲ.

ಬಂಗು ಪೂರ್ತಿ ಹೋಗಿಲ್ಲ. ಬಲಗೆನ್ನೆಯದು ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ, ಎಡಗೆನ್ನೆಯದು ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣಕ್ಕೆ ಬಂದಿದೆ. ಡಾಕ್ಟರ್ ಕೊಟ್ಟ ರಾತ್ರಿಯ ಕ್ರೀಮೂ ಜೊತೆಗಿತ್ತು, ಹಾಗಾಗಿ ಎಲ್ಲಾ ಶ್ರೇಯ ಸನ್‌ಸ್ಕ್ರೀನಿಗೇ ಕೊಡಲಾರೆ. ಆದರೆ ಕಳೆದ ಮೇ ತಿಂಗಳಲ್ಲಿ ತಮ್ಮನ ಮದುವೆ ಓಡಾಟದಲ್ಲಿ ನಾಲ್ಕು ದಿನ ಸನ್‌ಸ್ಕ್ರೀನ್ ಹಚ್ಚಲಿಲ್ಲ, ರಾತ್ರಿ ಕ್ರೀಮ್ ತಪ್ಪಿಸಿರಲಿಲ್ಲ. ವಾರದೊಳಗೆ ಎಡಗೆನ್ನೆ ಮತ್ತೆ ಕಪ್ಪಾಯಿತು. ಮೊದಲಿನ ಬಣ್ಣಕ್ಕೆ ಬರಲು ಎರಡೂವರೆ ತಿಂಗಳು ಬೇಕಾಯಿತು.

ನಿನ್ನೆ ಮೆಡಿಕಲ್ ಶಾಪಿನಲ್ಲಿ ಮುಂದಿನ ಟ್ಯೂಬ್ ತಗೊಂಡೆ. ಹಣ ಕೊಡುವ ಮುಂಚೆ ಹಿಂಬದಿ ತಿರುಗಿಸಿ ಕೊನೆಯ ಸಾಲು ನೋಡಿದೆ. ಮೂರೂ ಸಂಖ್ಯೆ ಇದ್ದವು.