ಅಘನಾಶಿನಿಯ ಗಜನಿಗಳಿಗೆ ಕ್ಯೂಜಿಐಎಸ್: ವಿದ್ಯಾರ್ಥಿಯ ಬಳಕೆಯಲ್ಲಿ ಕಂಡದ್ದು

ಭೂಗೋಳಶಾಸ್ತ್ರದ ಪದವಿಯ ಕೊನೆಯ ವರ್ಷದಲ್ಲಿ ಕಾರವಾರದಲ್ಲಿ ಕ್ಯೂಜಿಐಎಸ್ ಎಂಬ ನಕ್ಷೆ ತಯಾರಿಸುವ ತಂತ್ರಾಂಶವನ್ನು ಕಲಿಯಲು ಆರಂಭಿಸಿದೆ. ಈಗ ನನ್ನ ಸ್ನಾತಕೋತ್ತರ ಪ್ರಬಂಧದ ನಕ್ಷೆಗಳೆಲ್ಲ ಅದರಲ್ಲೇ ಸಿದ್ಧವಾಗುತ್ತಿವೆ. ವಿಷಯ, ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಅಳಿವೆಯ ಗಜನಿ ಭೂಮಿ, ಅಂದರೆ ಒಡ್ಡು ಕಟ್ಟಿ ಸಾಗುವಳಿ ಮಾಡುವ ಉಪ್ಪುನೀರಿನ ತಗ್ಗು ಗದ್ದೆಗಳು. ನಮ್ಮ ಕರಾವಳಿಯನ್ನು ಓದಲು ಹೊರಟವರಿಗೆ ಈ ತಂತ್ರಾಂಶವನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೆ ಅಲ್ಲಿನ ನೀರು, ನೆಲಗಳ ಪರಿಚಯವಿಲ್ಲದೆ ಇದರಿಂದ ಬರುವ ನಕ್ಷೆಯನ್ನು ನಂಬಲಾಗದು.

2002ರಲ್ಲಿ ಗ್ಯಾರಿ ಶರ್ಮನ್ ಆರಂಭಿಸಿದ ಈ ತಂತ್ರಾಂಶ ಸಂಪೂರ್ಣ ಉಚಿತ ಮತ್ತು ಮುಕ್ತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಕಾಲೇಜು ಮುಗಿದ ಮೇಲೂ ಪರವಾನಗಿಯ ಚಿಂತೆ ಇಲ್ಲ.

ಹೊಸಬರು ಮೊದಲು ಕಲಿಯಬೇಕಾದದ್ದು ನಿರ್ದೇಶಾಂಕ ವ್ಯವಸ್ಥೆ, ಅಂದರೆ ಜಾಗಗಳನ್ನು ಅಂಕಿಗಳಲ್ಲಿ ಗುರುತಿಸುವ ರೀತಿ. ಮೊಬೈಲ್ ಜಿಪಿಎಸ್ ಕೊಡುವ ಅಕ್ಷಾಂಶ-ರೇಖಾಂಶಗಳು ಡಿಗ್ರಿಯಲ್ಲಿರುತ್ತವೆ. ಆ ಬಿಂದುಗಳ ಪದರದ (ನಕ್ಷೆಯಲ್ಲಿ ಒಂದರ ಮೇಲೊಂದು ಇಡುವ ಮಾಹಿತಿಯ ಹಾಳೆ) ಸುತ್ತ ಬಫರ್, ಅಂದರೆ ಇಂತಿಷ್ಟು ದೂರದವರೆಗಿನ ಪ್ರದೇಶ, ಎಳೆಯಲು ಮೀಟರ್ ಎಂದುಕೊಂಡು 500 ಎಂದು ಬರೆದರೆ ತಂತ್ರಾಂಶ ಅದನ್ನು 500 ಡಿಗ್ರಿ ಎಂದೇ ತೆಗೆದುಕೊಳ್ಳುತ್ತದೆ. ಪದರವನ್ನು ಯುಟಿಎಂ ಎಂಬ ನಿರ್ದೇಶಾಂಕ ವ್ಯವಸ್ಥೆಯ 43 ಉತ್ತರ ವಲಯಕ್ಕೆ, ಅಂದರೆ ಪಟ್ಟಿಯಲ್ಲಿನ ಸಂಕೇತಸಂಖ್ಯೆ ಇಪಿಎಸ್‌ಜಿ 32643ಕ್ಕೆ ಬದಲಾಯಿಸಿಕೊಂಡರೆ ಅಳತೆ ಮೀಟರಿನಲ್ಲಿ ಸಿಗುತ್ತದೆ. 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗಿನ ಈ ವಲಯದೊಳಗೆ ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆ ಬರುತ್ತದೆ.

ಅಳಿವೆಯ ಕೆಲಸದ ನಿಜವಾದ ಕಷ್ಟ ಬೇರೆಯೇ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳು 10 ಮೀಟರ್ ಸ್ಪಷ್ಟತೆಯಲ್ಲಿ ಉಚಿತವಾಗಿ ದೊರೆಯುತ್ತವೆ, ಕ್ಯೂಜಿಐಎಸ್‌ನಲ್ಲಿ ಸಲೀಸಾಗಿ ತೆರೆದುಕೊಳ್ಳುತ್ತವೆ. ಆದರೆ ಉಪಗ್ರಹ ಹಾದುಹೋಗುವ ಗಳಿಗೆಯಲ್ಲಿ ಉಬ್ಬರವಿದ್ದರೆ ಚಿತ್ರದಲ್ಲಿ ನೀರು, ಇಳಿತವಿದ್ದರೆ ಅದೇ ಜಾಗದಲ್ಲಿ ಕೆಸರು. ಎರಡು ದಿನಾಂಕಗಳ ಚಿತ್ರವನ್ನು ಪಕ್ಕಪಕ್ಕ ಇಟ್ಟು ‘ಇಷ್ಟು ನೆಲ ಮುಳುಗಿತು’ ಎಂದು ಬರೆಯುವ ಮುನ್ನ ಉಬ್ಬರದ ಕೋಷ್ಟಕ ನೋಡಲೇಬೇಕು. ಗಜನಿಯಲ್ಲಿ ಋತುವಿನ ಲೆಕ್ಕವೂ ಸೇರುತ್ತದೆ: ಮಳೆಗಾಲದಲ್ಲಿ ಉಪ್ಪು ಸಹಿಸುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು, ಸಿಗಡಿ. ಭತ್ತ ಬೆಳೆಯುವ ತಿಂಗಳುಗಳಲ್ಲಂತೂ ಮೋಡ ಕವಿದು ನೆಲ ಕಾಣುವ ಚಿತ್ರ ಸಿಗುವುದೇ ಅಪರೂಪ. ಆಗ ಮೋಡದ ಮೂಲಕವೂ ನೋಡಬಲ್ಲ ಸೆಂಟಿನೆಲ್-1ರ ರೇಡಾರ್ ಚಿತ್ರಗಳೇ ಗತಿ. ಇದರಲ್ಲಿ ಯಾವುದನ್ನೂ ತಂತ್ರಾಂಶ ನೆನಪಿಸುವುದಿಲ್ಲ. ಒಡ್ಡಿನ ಮೇಲೆ ನಿಂತು ಗಜನಿ ರೈತರನ್ನು ಕೇಳಿದರೆ ನೀರು ಬಿಡುವ ಯಾವ ಬಾಗಿಲು ಯಾವಾಗ ತೆರೆಯುತ್ತದೆ, ಎಲ್ಲಿಯವರೆಗೆ ನೀರು ಏರುತ್ತದೆ ಎಂದು ಹೇಳುತ್ತಾರೆ. ಆ ಮಾಹಿತಿಯನ್ನು ಪ್ರತಿ ಗಜನಿಗೂ ಸೇರಿಸಿದ ಮೇಲೆಯೇ ನನ್ನ ನಕ್ಷೆಗೆ ಅರ್ಥ ಬಂದದ್ದು.

ಆ ಮಾಹಿತಿಯನ್ನು ಕನ್ನಡದಲ್ಲೇ ದಾಖಲಿಸಬಹುದು ಎಂಬುದು ನನಗೆ ಬಹಳ ದೊಡ್ಡ ವಿಷಯ. ಯೂನಿಕೋಡ್ ಫಾಂಟ್ ಇದ್ದರೆ ಒತ್ತಕ್ಷರಗಳೂ ಮುದ್ರಣದಲ್ಲಿ ಸರಿಯಾಗಿ ಮೂಡುತ್ತವೆ. ಆದರೆ ನಕ್ಷೆಯ ಮಾಹಿತಿ ಉಳಿಸುವ ಹಳೆಯ ಕಡತ ಮಾದರಿಯಾದ ಶೇಪ್‌ಫೈಲ್ ಸಹವಾಸ ಬೇಡ. ಅದರ ಕಾಲಂ ಹೆಸರಿಗೆ ಹತ್ತು ಬೈಟ್‌ಗಳ ಮಿತಿಯಿದೆ. ಯೂನಿಕೋಡ್ ಅಕ್ಷರಗಳನ್ನು ಉಳಿಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ ‘ಗಜನಿ’ ಎಂಬ ನಾಲ್ಕು ಚಿಹ್ನೆಗಳ ಹೆಸರೂ ಅದರಲ್ಲಿ ಹಿಡಿಸುವುದಿಲ್ಲ. ಜಿಯೋಪ್ಯಾಕೇಜ್ ಎಂಬ ಹೊಸ ಕಡತ ಮಾದರಿಯಲ್ಲಿ ಈ ತೊಡಕಿಲ್ಲ. ಹಳೆಯ ಆಸ್ಕಿ ನುಡಿ ಫಾಂಟಿನಲ್ಲಿ ಬೆರಳಚ್ಚಾದ ಊರುಗಳ ಪಟ್ಟಿ ಸಿಕ್ಕರೆ ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಇಲ್ಲದಿದ್ದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ.

ಶಿರಸಿಯ ಕಡೆ ಸೊಪ್ಪಿನ ಬೆಟ್ಟಗಳ (ಅಡಿಕೆ ತೋಟಗಳಿಗೆ ಸೊಪ್ಪು ತರುವ ಕಾಡು) ಸಮೀಕ್ಷೆಗೆ ಹೋಗುವವರಿಗೆ ಕ್ಯೂಫೀಲ್ಡ್ ಎಂಬ ಮೊಬೈಲ್ ಆ್ಯಪ್ ಇದೆ. ಪದರಗಳನ್ನು ಮೊದಲೇ ತುಂಬಿಸಿಕೊಂಡರೆ ನೆಟ್‌ವರ್ಕ್ ಇಲ್ಲದಲ್ಲೂ ಕೆಲಸ ಮಾಡುತ್ತದೆ. ಆದರೆ ದಟ್ಟ ಮರಗಳ ಕೆಳಗೆ, ಅಡಿಕೆ ತೋಟದೊಳಗೆ ಮೊಬೈಲ್‌ನ ಜಿಪಿಎಸ್ ಹಲವು ಮೀಟರ್ ಅತ್ತಿತ್ತ ತೋರಿಸುತ್ತದೆ. ಅದನ್ನು ಹಿಡಿದು ಯಾರ ಗಡಿಯನ್ನೂ ತೀರ್ಮಾನಿಸಬಾರದು.

ಕೊರತೆಗಳೂ ಇವೆ. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪಿನಲ್ಲಿ ಇಡೀ ಜಿಲ್ಲೆಯ ಉಪಗ್ರಹ ಚಿತ್ರ ತೆರೆದರೆ ಯಂತ್ರ ನಿಂತೇ ಹೋಗುತ್ತದೆ. ಅಧ್ಯಯನದ ಪ್ರದೇಶವನ್ನಷ್ಟೇ ಕತ್ತರಿಸಿಕೊಳ್ಳುವುದು ಲೇಸು. ತಾತ್ಕಾಲಿಕ ಪದರವನ್ನು ಉಳಿಸದೆ ಮುಚ್ಚಿದರೆ ಅದು ಹೋದಂತೆಯೇ. ಆವೃತ್ತಿ ಬದಲಾದಾಗ ಕೆಲವು ಪ್ಲಗಿನ್‌ಗಳು (ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಸಲಕರಣೆಗಳು) ಕೈಕೊಡುತ್ತವೆ. ಹಾಗಾಗಿ ಪ್ರಬಂಧದ ಕೆಲಸಕ್ಕೆ ದೀರ್ಘಾವಧಿ ಬೆಂಬಲದ ಎಲ್‌ಟಿಆರ್ ಆವೃತ್ತಿಯನ್ನೇ ಹಾಕಿಕೊಳ್ಳಿ, ಪ್ರಬಂಧ ಸಲ್ಲಿಸುವವರೆಗೆ ಅದನ್ನು ಬದಲಾಯಿಸಬೇಡಿ.