ಸ್ಕ್ರೈಬ್, ವಿಕಿಸೋರ್ಸ್, ಹಕ್ಕಿ ಎಣಿಕೆ, ಶನಿವಾರದ ಶಾಲೆ: ಯಾವುದು ಯಾರಿಗೆ ಹೊಂದುತ್ತದೆ?

"ಬಿಡುವಿನಲ್ಲಿ ಏನಾದರೂ ಸೇವೆ ಮಾಡಬೇಕು ಅಂತಿದೆ, ಎಲ್ಲಿ ಸೇರಿಕೊಳ್ಳಲಿ?" ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ನೀವು ಒಂದು ದಿನ ಹೋಗದಿದ್ದರೆ ಆ ಕಡೆ ಯಾರಿಗೆ ತೊಂದರೆ? ಆಸಕ್ತಿ, ಕೌಶಲ ಎರಡೂ ಬೇಕು, ನಿಜ. ಆದರೆ ನಮ್ಮ ದಿನಚರಿಗೆ ಎಷ್ಟು ಹೊಣೆ ಹಿಡಿಸುತ್ತದೆ ಅಂತ ನೋಡದೆ ಸೇರಿದರೆ ಬೇಗ ಬಿಟ್ಟುಬಿಡುತ್ತೇವೆ.

ನಾನು ಮೈಸೂರಿನವಳು, ಬಿಕಾಂ ಓದಿ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ದುಂಡನೆಯ ಅಕ್ಷರ, ಓದುವ ಹುಚ್ಚು, ಬೆಳಿಗ್ಗೆ ಕೆರೆ ಸುತ್ತುವ ಅಭ್ಯಾಸ. ಇಷ್ಟು ಇಟ್ಟುಕೊಂಡು ನಾಲ್ಕು ಕೆಲಸ ಮಾಡಿ ನೋಡಿದ್ದೇನೆ.

ಸ್ಕ್ರೈಬ್ ಕೆಲಸ ಅಂದರೆ ಕಣ್ಣು ಕಾಣದ ವಿದ್ಯಾರ್ಥಿ ಹೇಳಿದ ಉತ್ತರವನ್ನು ಪರೀಕ್ಷೆಯಲ್ಲಿ ಬರೆದುಕೊಡುವುದು. ನಾನು ಬರೆದದ್ದು ಎಂಎ ಇತಿಹಾಸದ ಒಬ್ಬ ವಿದ್ಯಾರ್ಥಿನಿಗೆ, ಕನ್ನಡದಲ್ಲಿ. ಮೊದಲು ಇಡೀ ಪ್ರಶ್ನೆಪತ್ರಿಕೆಯನ್ನು ಅಂಕಗಳ ಸಮೇತ ಓದಿ ಹೇಳಬೇಕು. ಯಾವುದನ್ನು ಬರೆಯಬೇಕು ಅಂತ ಆಕೆ ಆರಿಸಿಕೊಳ್ಳುತ್ತಾಳೆ. ಆಮೇಲೆ ಒಂದೊಂದೇ ವಾಕ್ಯ. ನಡುವೆ "ಅಕ್ಕಾ, ಕೊನೇ ಸಾಲು ಓದಿ" ಅಂತಾಳೆ. ಓದಿದ ತಕ್ಷಣ ಅಲ್ಲಿಂದಲೇ ಮುಂದುವರಿಸುತ್ತಾಳೆ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತದ್ದು 1792ರಲ್ಲಿ ಅಂತ ಆಕೆ ಹೇಳಿದರೆ 1792 ಅಂತಲೇ ಬರೆಯಬೇಕು. 1799 ಅಂತ ನಮಗೆ ಎಷ್ಟೇ ಚೆನ್ನಾಗಿ ಗೊತ್ತಿರಲಿ, ತಿದ್ದುವ ಹಾಗಿಲ್ಲ. ದನಿಯಲ್ಲೂ ತೋರಿಸುವ ಹಾಗಿಲ್ಲ. ಯಾಕೆಂದರೆ ಆ ಉತ್ತರ ಆಕೆಯದು, ಅಂಕವೂ ಆಕೆಯದೇ ಆಗಬೇಕು. ಈ ಸಂಯಮ ಇಲ್ಲದವರು, ಎಷ್ಟೇ ಓದಿಕೊಂಡಿದ್ದರೂ, ಈ ಕೆಲಸಕ್ಕೆ ಬೇಡ ಅನ್ನುತ್ತೇನೆ.

ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತ ನಿಯಮ. ಅಂದರೆ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ. ಕೊನೆಯ ಗಂಟೆಯಲ್ಲಿ ಬೆರಳು ನೋಯುತ್ತದೆ, ಆದರೂ ಅಕ್ಷರ ಕೆಡಬಾರದು. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ವಿದ್ಯಾರ್ಥಿಯೇ ಸ್ಕ್ರೈಬನ್ನು ಕರೆತರುವುದಾದರೆ, ಸ್ಕ್ರೈಬ್‌ನ ಓದು ಒಂದು ಮೆಟ್ಟಿಲು ಕೆಳಗಿರಬೇಕು ಅನ್ನುತ್ತಿತ್ತು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ. ಆ ಲೆಕ್ಕದಲ್ಲಿ ಪದವೀಧರರು ಎಂಎಗೆ ಸರಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇಕಾದವರು ನಾವಲ್ಲ, ಕೆಳಗಿನ ಕ್ಲಾಸಿನ ಮಕ್ಕಳು. ನಿಮ್ಮ ಮನೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಇದ್ದರೆ ಅವಳನ್ನು ಕೇಳಿ ನೋಡಿ.

ತೊಡಕು ಅಂದರೆ ರಜೆ. ಪರೀಕ್ಷೆ ನಡೆಯುವುದು ಹೆಚ್ಚಾಗಿ ವಾರದ ದಿನಗಳಲ್ಲೇ. ನಾವು ಕೈಕೊಟ್ಟರೆ ಒಂದು ವರ್ಷದ ಓದು ಬಾಗಿಲಲ್ಲೇ ನಿಂತುಬಿಡುತ್ತದೆ. ನನ್ನ ಪ್ರಶ್ನೆಗೆ ನಾಲ್ಕರಲ್ಲಿ ಅತಿ ಕಠಿಣ ಉತ್ತರ ಇರುವುದು ಇಲ್ಲಿ.

ಇದಕ್ಕೆ ಪೂರ್ತಿ ಎದುರು ಕನ್ನಡ ವಿಕಿಸೋರ್ಸ್ ಅನ್ನುವ ಅಂತರ್ಜಾಲ ಗ್ರಂಥಾಲಯ. ಹಕ್ಕುಸ್ವಾಮ್ಯ ಮುಗಿದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಲ್ಲಿ ಹಾಕಿರುತ್ತಾರೆ. ನಮ್ಮಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದಾಗುತ್ತದೆ. ಪರದೆಯ ಒಂದು ಪಕ್ಕ ಪುಟದ ಚಿತ್ರ, ಇನ್ನೊಂದು ಪಕ್ಕ ಓಸಿಆರ್, ಅಂದರೆ ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ, ತೆಗೆದ ಪಠ್ಯ. ಎರಡನ್ನೂ ಹೋಲಿಸಿ ಕರಡು ತಿದ್ದಬೇಕು. ಹಳೆಯ ಅಚ್ಚಿನ ಕನ್ನಡ ಯಂತ್ರಕ್ಕೆ ಸುಲಭವಲ್ಲ. ಅರ್ಕಾವೊತ್ತನ್ನು ಅದು ಒಂಬತ್ತು ಅಂತ ಓದುತ್ತದೆ, "ಧರ್ಮ" ಹೋಗಿ "ಧಮ೯" ಆಗುತ್ತದೆ. "ವ" "ಪ" ಅದಲುಬದಲು. ಸೊನ್ನೆ ಯಾವುದು, ಅನುಸ್ವಾರ ಯಾವುದು ಅಂತ ನಾವೇ ಹೇಳಬೇಕು. ತಿದ್ದಿದ ಪುಟಕ್ಕೆ ಹಳದಿ ಗುರುತು ಬೀಳುತ್ತದೆ. ಬೇರೊಬ್ಬರು ಮತ್ತೊಮ್ಮೆ ನೋಡಿ ಸರಿ ಅಂದರೆ ಹಸಿರು. ನಮ್ಮ ಪುಟವನ್ನು ನಾವೇ ಹಸಿರು ಮಾಡಿಕೊಳ್ಳುವ ಹಾಗಿಲ್ಲ. ಈ ಪದ್ಧತಿ ನನಗೆ ಬಹಳ ಹಿಡಿಸಿತು.

ರಾತ್ರಿ ಊಟ ಆದ ಮೇಲೆ ಒಂದು ಪುಟ, ಮನಸ್ಸಿದ್ದರೆ ಎರಡು. ಬಿಟ್ಟರೆ ಯಾರೂ ಕೇಳುವುದಿಲ್ಲ, ಪುಟ ಅಲ್ಲೇ ಇರುತ್ತದೆ. ವಿದೇಶದಲ್ಲಿರುವ ಕನ್ನಡಿಗರಿಗೆ, ಮನೆಯಲ್ಲಿ ಪುಟ್ಟ ಮಗು ಇರುವವರಿಗೆ, ಮಾತು ಕಡಿಮೆ ಇರುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಕಾಗುಣಿತ ಗಟ್ಟಿ ಇರಬೇಕು, ಅಷ್ಟೇ. ಆದರೆ ಜನರ ಒಡನಾಟ ಬೇಕು ಅನ್ನುವವರಿಗೆ ಬೇಸರ ಬರುತ್ತದೆ. ಒಂದು ಪುಸ್ತಕ ಪೂರ್ತಿ ಹಸಿರಾಗಲು ತಿಂಗಳುಗಟ್ಟಲೆ ಹಿಡಿಯಬಹುದು.

ಹಕ್ಕಿ ಎಣಿಕೆಗೆ ಹೋದದ್ದು ಸಂಪೂರ್ಣ ಇಷ್ಟದಿಂದ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿ ನೋಡುತ್ತಾ ನಡೆಯುವುದು ಹೇಗೂ ಇತ್ತು. ಕಂಡದ್ದನ್ನು ಹಕ್ಕಿಗಳ ದಾಖಲೆ ಕೂಡಿಡುವ ಇ-ಬರ್ಡ್ ಆ್ಯಪಿನಲ್ಲಿ ಪಟ್ಟಿ ಮಾಡಿದರೆ ಅದೇ ಸೇವೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಒಂದೇ ಕಡೆ 15 ನಿಮಿಷ ನೋಡಿದರೂ ಸಾಕು. ಸಂತೋಷ ಜಾಸ್ತಿ, ಹೊಣೆ ಕಡಿಮೆ. ಆದರೆ ಪಟ್ಟಿಗೆ ಬೆಲೆ ಬರುವುದು ಗುರುತು ಸರಿಯಿದ್ದಾಗ ಮಾತ್ರ. ಹೊಸಬರು ಬಲ್ಲವರ ಜೊತೆ ಹೋಗುವುದು ಒಳ್ಳೆಯದು. ಹಕ್ಕಿ ಹತ್ತಿರ ಸುಳಿಯದ ಓಣಿಯಲ್ಲಿ ಇದ್ದೀರಾ? ಸೀಸನ್‌ವಾಚ್ ನೋಡಿ. ಅದು ಮರಗಳನ್ನು ಗಮನಿಸಿ ದಾಖಲಿಸುವ ಯೋಜನೆ, ಮನೆ ಮುಂದಿನ ಹೊಂಗೆಯನ್ನೋ ಹುಣಸೆಯನ್ನೋ ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಇದೆಯಾ, ಸ್ವಲ್ಪವಾ, ತುಂಬಾನಾ ಅಂತ ಗುರುತು ಹಾಕುವುದು. ಅಜ್ಜಿ ಮೊಮ್ಮಗು ಕೂತು ಮಾಡಬಹುದಾದ ಕೆಲಸ.

ಸರ್ಕಾರಿ ಶಾಲೆಯ ಶನಿವಾರದ ಪಾಠ ನನಗೆ ಹೊಂದಲಿಲ್ಲ. ಮಕ್ಕಳ ದೋಷವಲ್ಲ, ಶಾಲೆಯದ್ದೂ ಅಲ್ಲ. ನಾನು ಸೇರಿದ ತಂಡ ಪ್ರತಿ ವಾರ ಬೇರೆ ಬೇರೆಯವರನ್ನು ಕಳಿಸುತ್ತಿತ್ತು. ಮಕ್ಕಳು ಮತ್ತೆ ಮತ್ತೆ ತಮ್ಮ ಹೆಸರು ಹೇಳುತ್ತಾ, ಅದೇ ಭಿನ್ನರಾಶಿಯನ್ನು ಮೊದಲಿನಿಂದ ಕಲಿಯುತ್ತಾ ಕೂರಬೇಕಿತ್ತು. ಫೋಟೋ ಮಾತ್ರ ತಪ್ಪುತ್ತಿರಲಿಲ್ಲ. ಇದು ನನಗೆ ನಿಜವಾಗಿಯೂ ನೋವು ಕೊಟ್ಟಿತು. ಒಂದೇ ತರಗತಿಗೆ ವರ್ಷ ಪೂರ್ತಿ ಒಬ್ಬರೇ ಹೋಗುವ ಏರ್ಪಾಡು ಇರುವ ತಂಡವಾದರೆ ಸೇರಿ. ಇಲ್ಲದಿದ್ದರೆ ಸುಮ್ನೆ ಆ ಮಕ್ಕಳ ಸಮಯ ತೆಗೆದುಕೊಳ್ಳಬೇಡಿ.

ನಾನು ಉಳಿಸಿಕೊಂಡದ್ದು ಸ್ಕ್ರೈಬ್ ಮತ್ತು ವಿಕಿಸೋರ್ಸ್. ಪರೀಕ್ಷೆಯ ತಿಂಗಳುಗಳಲ್ಲಿ ಮೊದಲನೆಯದು, ಉಳಿದ ಕಾಲದಲ್ಲಿ ಎರಡನೆಯದು. ಹಕ್ಕಿ ನನ್ನ ಸಂತೋಷಕ್ಕೆ ಇದ್ದೇ ಇದೆ. ಕಚೇರಿಯಲ್ಲಿ ರಜೆ ಸಿಗುವುದೇ ಕಷ್ಟ ಅನ್ನುವವರು ಸ್ಕ್ರೈಬ್ ಬದಲು ಕಣ್ಣು ಕಾಣದವರಿಗೆ ಪಠ್ಯ ಓದಿ ರೆಕಾರ್ಡ್ ಮಾಡಿಕೊಡುವ ಕೆಲಸ ಕೇಳಿ. ಫೋನ್ ಇದ್ದರೆ ಆಯಿತು, ಭಾನುವಾರವೂ ಮಾಡಬಹುದು. ಬೇಕಾದ್ದು ಸ್ಪಷ್ಟ ಉಚ್ಚಾರಣೆ, ಕುಕ್ಕರ್ ಕೂಗದ ಕೋಣೆ.

ಸ್ಕ್ರೈಬ್ ಆಗಲು ಮನಸ್ಸಿದ್ದರೆ ಪರೀಕ್ಷೆಗೆ ಒಂದು ತಿಂಗಳ ಮೊದಲೇ ಹೆಸರು ಕೊಡಿ. ಗುರುತಿನ ಚೀಟಿ, ಓದಿನ ದಾಖಲೆಗಳನ್ನು ಪರೀಕ್ಷಾ ಕೇಂದ್ರಕ್ಕೆ ಮುಂಚೆ ಒಪ್ಪಿಸಬೇಕಾಗುತ್ತದೆ. ಹಿಂದಿನ ವಾರ ವಿದ್ಯಾರ್ಥಿಯ ಜೊತೆ ಕೂತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬರೆದು ನೋಡಿ. ಅವರು ಹೇಳುವ ವೇಗಕ್ಕೆ ನಿಮ್ಮ ಕೈ ಹೊಂದುತ್ತದಾ ಅನ್ನುವುದು ಅರ್ಧ ಗಂಟೆಯಲ್ಲಿ ಇಬ್ಬರಿಗೂ ಗೊತ್ತಾಗುತ್ತದೆ. ಹೊಂದದಿದ್ದರೆ ಇನ್ನೊಬ್ಬರನ್ನು ಹುಡುಕಲು ಅವರಿಗೂ ಸಮಯ ಇರುತ್ತದೆ.